ನಮ್ಮ ಬೀದಿಯಲ್ಲಿ ನಿನ್ನ ನಡಿಗೆ

ಭಾನುವಾರ, ಮಧ್ಯಾಹ್ನ

ಗೀಟುರಾಯನಿಗೆ,

ನಿನ್ನನ್ನು ಈ ಹೆಸರಿನಿಂದ ಕರೆದು ವರ್ಷವಾಗುತ್ತಾ ಬಂತು. ನೀನು ನಕ್ಷೆಯಲ್ಲಿ ಗೀಟು ಎಳೆಯುವುದು, ನಾನು ರಬ್ಬರ್ ಹಿಡಿದು ಅಳಿಸುವುದು, ಇಡೀ ಕಚೇರಿ ನಮ್ಮನ್ನು ನೋಡಿ ನಗುವುದು. ನೀನು ಊರು ಬಿಟ್ಟ ಮೇಲೆ ನಾವು ಒಬ್ಬರಿಗೊಬ್ಬರು ಬರೆದದ್ದೆಲ್ಲ ‘ಮಾನ್ಯರೇ’ ಎಂದು ಶುರುವಾಗುವ ಕಾಗದಗಳೇ. ಗಂಡ ಹೆಂಡತಿ ಹೀಗೂ ಬರೆದುಕೊಳ್ಳುತ್ತಾರಾ ಅಂತ ಟೈಪಿಸ್ಟ್ ಹುಡುಗಿ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಇವತ್ತು ಅದನ್ನೆಲ್ಲ ಬದಿಗಿಟ್ಟಿದ್ದೇನೆ. ಕಾಲು ಹೇಗಿದೆ? ನನಗೆ ಹೇಳಬಾರದು ಅಂತ ನಿನ್ನ ಅಕ್ಕನ ಬಾಯಿ ಕಟ್ಟಿದ್ದೆಯಂತೆ. ಆದರೂ ಗೊತ್ತಾಯಿತು. ಹೇಗೆ ಅನ್ನುವುದನ್ನು ಹೇಳಲೆಂದೇ ಬರೆಯಲು ಕೂತೆ.

ನಾವಿಬ್ಬರೂ ಸೇರಿ ನಕ್ಷೆ ಬರೆದ ನಮ್ಮ ಬೀದಿಯ ಕೆಲಸ ಮುಗಿಯಿತು. ಪೇಟೆಯ ನಡುವೆ ಹಳೇ ಗೋದಾಮು, ಲಾರಿ ನಿಲ್ಲುವ ಕೊಚ್ಚೆ ಇದ್ದ ಕಡೆ ಈಗ ಕೆಳಗೆ ಅಂಗಡಿಗಳು, ಮೇಲೆ ಮನೆಗಳು, ನಡುವೆ ಬರೀ ನಡೆಯುವವರಿಗೆಂದು ಕಲ್ಲು ಹಾಸಿದ ದಾರಿ. ಗಾಡಿ ಬರದ ಬೀದಿಗೆ ಗಿರಾಕಿ ಯಾರು ಬರುತ್ತಾರೆ ಅಂತ ಸಭೆಯಲ್ಲಿ ನಿನ್ನ ಮೇಲೆ ಹಾರಾಡಿದ್ದ ಪುರಸಭೆ ಅಧ್ಯಕ್ಷರು, ಈಗ ಸಂಜೆ ಮೊಮ್ಮಗಳ ಕೈ ಹಿಡಿದು ಬರುತ್ತಾರೆ. ಎಲ್ಲ ತಮಗೇ ಹೊಳೆದದ್ದು ಅನ್ನುವ ಗತ್ತು ಬೇರೆ. ಬೆಂಕಿಪೊಟ್ಟಣ ತರಲೂ ಸ್ಕೂಟರ್ ಹತ್ತುತ್ತಿದ್ದವರು ಚೀಲ ಹಿಡಿದು ನಡೆಯುತ್ತಿದ್ದಾರೆ. ಬೇಕರಿಯಲ್ಲಿ ಬ್ರೆಡ್ಡು, ಪಕ್ಕದಲ್ಲಿ ಔಷಧಿ, ಎದುರಿಗೆ ಶಾಲೆ. ನೀನು ಹೇಳಿದ್ದೆಯಲ್ಲ, ಮನೆಯಿಂದ ಹೊರಟವನು ವಾಪಸ್ಸು ಬರುವುದರೊಳಗೆ ನಾಲ್ಕು ಜನರ ಮುಖ ನೋಡಬೇಕು ಅಂತ, ಹಾಗೇ ಆಗಿದೆ.

ನಾವು ಯಾವುದಕ್ಕಾಗಿ ಜಗಳವಾಡಿದೆವೋ ಆ ಮೂಲೆಮನೆಗೆ ನಾನು ಬಂದಿದ್ದೇನೆ. ನಗಬೇಡ. ಹಗಲೆಲ್ಲ ಗೀಚಿದ್ದರೊಳಗೇ ಹೋಗಿ ಸಂಸಾರ ಮಾಡಲು ನನ್ನಿಂದಾಗದು ಅಂದವಳು ನಾನೇ. ಹಾಗಾದರೆ ನನಗೆ ಈ ಊರೇ ಬೇಡ ಅಂತ ಪೆಟ್ಟಿಗೆ ಕಟ್ಟಿದವನು ನೀನು.

ಬೀದಿ ತೆರೆದ ವಾರದಲ್ಲೇ ಕೆಳಗಿನ ಕಟಿಂಗ್ ಶಾಪಿನವರು, ಸಾಹೇಬರು ಬಂದಿದ್ದರು ಮೇಡಂ, ಶೇವ್ ಮಾಡಿಸಿಕೊಂಡು ಹೋದರು ಅಂದರು. ನನಗೆ ಮೈಯೆಲ್ಲ ಉರಿಯಿತು. ಊರಿಗೆ ಬಂದು, ನನ್ನ ಕಿಟಕಿಯ ಕೆಳಗೇ ಗಡ್ಡ ಕೆರೆಸಿಕೊಂಡು, ಮುಖ ತೋರಿಸದೆ ಹೋದನಲ್ಲ ಅಂತ. ಮಾರನೆಯ ದಿನ ಬೇಕರಿಯಮ್ಮ, ನಿಮ್ಮೆಜಮಾನರು ಎಷ್ಟು ಒಳ್ಳೆಯವರು, ನಮ್ಮತ್ತೆಯ ಕೈಹಿಡಿದು ಅಂಗಡಿ ತನಕ ಕರೆತಂದು ಬಿಟ್ಟರು ಅಂದಳು. ಆಗ ಮಾತ್ರ ಅನುಮಾನ ಬಂತು. ನೀನು ಅಂಥ ಕೆಲಸ ಮಾಡುವುದೆ! ಸಂತೆಗೆ ಬಂದರೆ ನನ್ನ ಚೀಲ ನನ್ನ ಕೈಯಲ್ಲೇ ಬಿಟ್ಟು ಮುಂದೆ ಮುಂದೆ ಹೋಗುತ್ತಿದ್ದವನು.

ಶಾಪಿನವರನ್ನು ಮತ್ತೆ ಕೇಳಿದೆ. ಅವರು ಹಿಂದೆ ಮುಂದೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಹೇಳಬಾರದು ಅಂತಿದ್ದೆ ಮೇಡಂ. ಕತ್ತಿ ಆಡಿಸಿ ನೊರೆ ಒರೆಸಿದೆ. ಬಟ್ಟೆಯಲ್ಲಿ ಒಂದು ಕೂದಲೂ ಇರಲಿಲ್ಲ. ಕೆನ್ನೆ ಮಾತ್ರ ನುಣ್ಣಗಾಗಿತ್ತು. ಕಲ್ಲು ಮುಟ್ಟಿದ ಹಾಗೆ ತಣ್ಣಗೆ," ಅಂದರು.

ಮನೆಗೆ ಬಂದವಳೇ ನಿನ್ನ ಅಕ್ಕನಿಗೆ ಫೋನ್ ಮಾಡಿದೆ. ಸುಮ್ಮನೆ ಬಾಯಿಬಿಡಲಿಲ್ಲ, ಗದರಿಸಬೇಕಾಯಿತು. ಬೀದಿ ತೆರೆಯುವುದಕ್ಕೂ ಮೊದಲೇ ಬಸ್ಸಿನಿಂದ ಇಳಿಯುವಾಗ ಬಿದ್ದೆಯಂತೆ, ಬಲಗಾಲು ಮುರಿಯಿತಂತೆ, ಅವತ್ತಿನಿಂದ ಅವಳ ಮನೆಯಲ್ಲೇ ಮಲಗಿದ್ದೀಯಂತೆ. ಮೂಳೆ ಕೂಡಿದೆ, ಕಾಲಿಗೆ ಬಲ ಯಾಕೆ ಬರುತ್ತಿಲ್ಲವೋ ಡಾಕ್ಟರಿಗೂ ತಿಳಿಯುತ್ತಿಲ್ಲ ಅಂದಳು. "ಎಚ್ಚರವಾದ್ರೆ ಬೆರಳೂ ಅಲ್ಲಾಡಲ್ಲ, ನಿದ್ದೇಲಿ ಮಾತ್ರ ಪಾದ ಆಡಿಸ್ತಾನೆ ಕಣೇ. ಎಲ್ಲೋ ನಡ್ಕೊಂಡು ಹೋಗ್ತಿರೋ ಹಾಗೆ," ಅಂತ ಅತ್ತಳು.

ಫೋನ್ ಕಿವಿಯಲ್ಲಿರುವಾಗಲೇ ಕಿಟಕಿಯಿಂದ ಕೆಳಗೆ ನೋಡಿದೆ. ಕಣ್ಣು ಕುಕ್ಕುವ ಬಿಸಿಲು. ಬೆಂಚಿನ ಮೇಲೆ ನೀನು ಕೂತಿದ್ದೆ. ನೀನು ಮನೆಯಲ್ಲಿ ಬಿಟ್ಟುಹೋದ ಬೂದು ಅಂಗಿ ಹಾಕಿಕೊಂಡಿದ್ದೆ. ಕಪಾಟು ತೆಗೆದು ನೋಡಿದೆ. ನಾನು ಮಡಿಸಿಟ್ಟ ಅಂಗಿ ಮಡಿಸಿದ ಹಾಗೇ ಇತ್ತು.

ಸಾಮಾನಿನ ಚೀಲ ಹಿಡಿದು ಕೆಳಗಿಳಿದು ಹೋದೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಿನ್ನ ಹಾಗಿದ್ದ ಅವನು ತಲೆಯೆತ್ತಿ, ಬಂದೆಯಾ, ಕೂತ್ಕೋ ಅಂದ. ಊಟವಾಯಿತಾ ಅಂತ ಕೇಳಿದ. ಆಮೇಲೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ನಡೆದ. ಕಲ್ಲಿನ ಮೇಲೆ ನನ್ನ ಚಪ್ಪಲಿಯ ಸದ್ದೊಂದೇ ಕೇಳುತ್ತಿತ್ತು. ಎದುರಿಗೆ ಬಂದವರೆಲ್ಲ ನಮಸ್ಕಾರ ಹೇಳಿದರು, ಇಬ್ಬರಿಗೂ.

ಅವತ್ತಿನಿಂದ ದಿನಾ ನಡೆದೆವು. ನಿನ್ನ ಜೊತೆ ಇಷ್ಟು ವರ್ಷದಲ್ಲಿ ಆಡದ ಮಾತೆಲ್ಲ ಅವನ ಜೊತೆ ಆಡಿದೆ. ನಮ್ಮ ಅಪ್ಪ ಸತ್ತಾಗ ನೀನು ನಕ್ಷೆಯ ಮೇಲೆ ಬಗ್ಗಿಕೊಂಡೇ ಹೂಂ ಅಂದಿದ್ದೆ, ಅದರಿಂದ ನನಗೆ ಎಷ್ಟು ನೋವಾಗಿತ್ತು ಅಂತ ಅವನಿಗೆ ಹೇಳಿದೆ. ಅವನು ನಿಂತು ಕೇಳಿದ. ಮನೆಗೆ ಬಂದು ಬಹಳ ಹೊತ್ತು ಅತ್ತೆ, ಎದೆ ಹಗುರಾಯಿತು.

ಒಂದು ದಿನ ನೆಗಡಿ ಜ್ವರ ಬಂದು ಪರದೆ ಎಳೆದು ಮಲಗಿಬಿಟ್ಟೆ. ಸಂಜೆ ನಿನ್ನ ಅಕ್ಕನ ಫೋನು. ನೀನು ಬಲಗಾಲಿನ ಬೆರಳು ಮಡಿಸಿದೆಯಂತೆ, ಮನೆಯವರೆಲ್ಲ ಕುಣಿದಾಡಿದರಂತೆ. ನಾನು ಅವನ ಜೊತೆ ನಡೆಯದ ದಿನ ನಿನ್ನ ಕಾಲಿಗೆ ಬಲ ಬರುತ್ತದೆ ಅಂತ ನನಗೆ ಅರ್ಥವಾಗಿಹೋಯಿತು. ಅರ್ಥವಾದ ಮೇಲೂ ಮಾರನೆಯ ದಿನ ಕೆಳಗಿಳಿದೆ. ಅವನು ಬೆಂಚಿನ ಮೇಲೆ ಕಾಯುತ್ತಿದ್ದ. ಬೆರಳು ಮತ್ತೆ ಆಡುತ್ತಿಲ್ಲ ಅಂತ ಅಕ್ಕ ರಾತ್ರಿ ಹೇಳಿದಾಗ, ಅಯ್ಯೋ ಪಾಪ ಅಂದೆ. ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಇಲ್ಲಿಗೆ ಬರಬೇಕು. ನಡೆಯಲಾಗದು ಅನ್ನಬೇಡ. ಗಾಲಿಕುರ್ಚಿಯಲ್ಲಿ ಕೂತು ಬಾ. ಈ ಬೀದಿಯಲ್ಲಿ ಒಂದು ಮೆಟ್ಟಿಲೂ ಅಡ್ಡ ಬರದ ಹಾಗೆ ಮಾಡಿಸಿದ್ದೇನೆ, ಬೀದಿಯ ತುದಿಯಲ್ಲಿ ಕಾರಿನಿಂದ ಇಳಿದರೆ ಬೆಂಚಿನ ತನಕ ಸಲೀಸು. ಹಗಲು ಹೊತ್ತಿನಲ್ಲಿ, ಅಂಗಡಿಯವರೆಲ್ಲ ನೋಡುವಾಗ ಅವನ ಎದುರಿಗೆ ಬಂದು ನಿಲ್ಲು, ನಿನ್ನ ನಡಿಗೆ ವಾಪಸ್ಸು ಕೇಳು. ನಿಲ್ಲಲಾಗದಿದ್ದರೆ ಕೂತೇ ಇರು, ನಿನ್ನ ಬೆನ್ನಿಗೆ ನಾನಿರುತ್ತೇನೆ. ಆಮೇಲೆ ಬೇಕಾದರೆ ನನ್ನ ಜೊತೆ ಮಾತಾಡಬೇಡ, ಚೀಲ ಹಿಡಿಯಬೇಡ, ಹೂಂ ಅನ್ನುವುದೂ ಬೇಡ. ನಿನ್ನ ಕಾಲ ಮೇಲೆ ನೀನು ನಡೆದು ಹೋಗುವುದನ್ನು ನೋಡಿದರೆ ಸಾಕು.

ಅಕ್ಕನಿಗೆ ಇದನ್ನು ಓದಿ ಹೇಳಬೇಡ. ಬೇಗ ಬಾ.

ನಿನ್ನ
ರಬ್ಬರಮ್ಮ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಮೊನ್ನೆಯಿಂದ ಅವನು ಬೆಂಚಿನ ಮೇಲಿಲ್ಲ, ಈ ಮನೆಯಲ್ಲೇ ಇದ್ದಾನೆ. ಮೇಲೆ ಬಾ ಅಂತ ಕರೆದವಳು ನಾನೇ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡಿದ್ದವನು, ಈ ಪತ್ರ ಅರ್ಧ ಆಗುವಾಗ ಬೆನ್ನ ಹಿಂದೆ ಬಂದು, ಇದನ್ನು ಕಳಿಸಬೇಡ ಅಂದ. ನಿನ್ನ ಗಂಡ ಬಂದರೆ ನಾನೆಲ್ಲಿಗೆ ಹೋಗಲಿ ಅಂತ ಕೇಳಿದ. ನಾನು ಬರೆಯುತ್ತಲೇ ಇದ್ದೇನೆ. ಈಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ಇಷ್ಟು ದಿನ ತಣ್ಣಗಿದ್ದ ಕೈ, ಇವತ್ತು ಬೆಚ್ಚಗಿದೆ. ನಿನ್ನ ಕೈ ಹೇಗಿದೆ ಅಂತ ಅಕ್ಕನನ್ನು ಕೇಳಲು ನನಗೆ ಧೈರ್ಯ ಸಾಲುತ್ತಿಲ್ಲ.