ತೂಲಿಕ್ಕಿಯ ದೀಪ

ಜನವರಿ 9, ಮಂಗಳವಾರ. ಬೆಳಿಗ್ಗೆ 8

ಟೈಮರ್ ಸರಿಯಾಗಿ ಏಳೂವರೆಗೆ ಪಂಜರಗಳ ಮೇಲಿನ ದೀಪ ಹೊತ್ತಿಸಿತು. ಹೊರಗಿನ್ನೂ ಕತ್ತಲೆ. ಧ್ರುವದಂಚಿನ ನಮ್ಮ ರೋವಾನಿಯೆಮಿಯಲ್ಲಿ ಈ ತಿಂಗಳು ಸೂರ್ಯ ಹಾಜರಿ ಹಾಕಿ ಹೋಗುತ್ತಾನೆ, ಅಷ್ಟೇ. ನನ್ನ ಕ್ಯಾನರಿ ಹಕ್ಕಿಗೆ ಕಾಳು, ನೀರು. ಗಿಳಿ ನೊಕ್ಕನಿಗೆ ಸೇಬು — ಮುಟ್ಟಲಿಲ್ಲ. ಬೂದು ಗಿಳಿಗಳೇ ಹಾಗೆ, ಮನೆ ಬದಲಾದರೆ ಮುನಿಸು. ಬಂದು ಎರಡು ತಿಂಗಳಾಯಿತು, ಇಷ್ಟರಲ್ಲಿ ಬಿಡಬೇಕಿತ್ತು...

ನೊಕ್ಕನ ಒಡತಿ ತೂಲಿಕ್ಕಿ ಫೋನ್ ಮಾಡಿದಳು, ಬಸ್ ಡಿಪೋದಿಂದ. ಸ್ಟೇರಿಂಗ್ ಹಿಡಿಯುವ ಮೊದಲು ದಿನಾ ಒಂದು ಕರೆ.

"ಹೆಂಗಿದಾನೆ ನಮ್ಮ ಹುಡುಗ?"

"ರಾಜನ ಹಾಗಿದಾನೆ."

"ನಿಮ್ಮ ಕೈಗೆ ಕೊಟ್ಟಿದ್ದೇ ಒಳ್ಳೇದಾಯ್ತು ಅರ್ವಿ. ನನ್ನ ಹತ್ರ ಇದ್ದಿದ್ರೆ ಇವನನ್ನೂ ಕೊಂದುಹಾಕಿರ್ತಿದ್ದೆ."

ಹಾಗನ್ನಬೇಡಿ ಎನ್ನಬೇಕಿತ್ತು. ಸುಳ್ಳೇಕೆ, ಕೇಳಿ ಖುಷಿಯಾಯಿತು.

ಜನವರಿ 14, ಭಾನುವಾರ

ನೊಕ್ಕ ಕೋಲಿನಿಂದ ಬಿದ್ದ. ಮೈ ನಡುಗುತ್ತಿತ್ತು, ಉಗುರಿಗೆ ಹಿಡಿತವಿಲ್ಲ. ಟವೆಲ್‌ನಲ್ಲಿ ಸುತ್ತಿ, ಕೋಟಿನೊಳಗಿಟ್ಟುಕೊಂಡು ಕಾರು ಓಡಿಸಿದೆ. ಹೊರಗೆ ಮೈನಸ್ ಇಪ್ಪತ್ತಾರು.

ಡಾಕ್ಟರಮ್ಮ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. "ಬೇರೆ ಯಾರಾದ್ರೂ ಆಗಿದ್ರೆ ಮೊದಲು ದೀಪ ನೋಡ್ಕೊಳ್ಳಿ ಅಂತಿದ್ದೆ. ಪಕ್ಷಿ ಕ್ಲಬ್ಬಿನ ದೀಪದ ಮೇಷ್ಟ್ರಿಗೆ ನಾನೇನು ಹೇಳ್ಲಿ!" ಎಂದು ನಕ್ಕರು. ನಾನೂ ನಕ್ಕೆ.

ಜನವರಿ 15. ಬೆಳಿಗ್ಗೆ 10

ದೀಪದ ಕೆಳಗೆ ಯುವಿ ಮೀಟರ್ ಹಿಡಿದೆ. ಸೊನ್ನೆ.

ಬ್ಯಾಟರಿ ಬದಲಿಸಿದೆ. ಸೊನ್ನೆ. ಟ್ಯೂಬ್ ಸೆಪ್ಟೆಂಬರಿನದ್ದು, ಹೊಸದು. ಕಣ್ಣು ಕೋರೈಸುವ ಬೆಳಕು. ಆದರೆ ಹಕ್ಕಿಯ ಮೂಳೆಗೆ ಬೇಕಾದದ್ದು ಕಣ್ಣಿಗೆ ಕಾಣದ ಯುವಿ ಕಿರಣ. ಅದೇ ಇಲ್ಲ.

ಆಮೇಲೆ ಕಂಡಿತು. ಗಾಜು. ರೆಕ್ಕೆಯ ದೂಳು ದೀಪಕ್ಕೆ ಕೂರುತ್ತದೆಂದು ಮೂರು ವರ್ಷದ ಹಿಂದೆ ನಾನೇ ಅಳತೆ ತೆಗೆದು, ಕತ್ತರಿಸಿ ಕೂರಿಸಿದ ಗಾಜು. ವಾರವಾರ ಒರೆಸುತ್ತೇನೆ, ಫಳಫಳ. ಗಾಜು ಯುವಿಯನ್ನು ತಡೆಯುತ್ತದೆ, ಕಿಟಕಿಯ ಬಿಸಿಲು ಸಾಲದು ಎಂದು ಊರಿಗೆಲ್ಲ ಪಾಠ ಹೇಳುವವನು ನಾನೇ. ಎಲ್ಲರ ಮನೆಯಲ್ಲೂ ಮೀಟರ್ ಹಿಡಿದಿದ್ದೇನೆ. ನನ್ನ ಮನೆಯಲ್ಲಿ ಒಮ್ಮೆಯೂ ಇಲ್ಲ. ಕ್ಯಾನರಿ ಹಾಡು ನಿಲ್ಲಿಸಿ ಎರಡು ವರ್ಷ. ವಯಸ್ಸಾಯಿತು ಅಂದುಕೊಂಡಿದ್ದೆ.

ಅದೇ ದಿನ, ಮಧ್ಯಾಹ್ನ

ಇದನ್ನು ಬರೆಯದೆ ವಿಧಿಯಿಲ್ಲ.

ಕ್ಲಬ್ಬಿನ ಅಕ್ಟೋಬರ್ ಸಭೆ, ಲೈಬ್ರರಿಯ ಕೋಣೆ. ತೂಲಿಕ್ಕಿಯ ಇನ್ನೊಂದು ಗಿಳಿ ರೂಸು ಕಾಲು ಮುರಿದುಕೊಂಡು ಸತ್ತು ವಾರವಾಗಿತ್ತು. ದೀಪವನ್ನು ಚೀಲದಲ್ಲಿ ತಂದಿದ್ದಳು. "ಒಂಚೂರು ಪರೀಕ್ಷೆ ಮಾಡ್ತೀರಾ ಅರ್ವಿ?" ಮೀಟರ್ ನನ್ನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಟ್ಯೂಬಿನ ಮೇಲಿನ ತಾರೀಖು ನೋಡಿ ಎದ್ದು ನಿಂತೆ, ಹನ್ನೆರಡು ಜನರೆದುರು. "ಎರಡು ವರ್ಷದ ಟ್ಯೂಬು ತಾಯಿ! ಉರೀತಿದ್ರೆ ಸಾಕಾ? ಹಕ್ಕಿ ಸತ್ತಿದ್ದು ಕಾಲು ಮುರಿದು ಅಲ್ಲ, ನಿಮ್ಮ ಸೋಮಾರಿತನದಿಂದ." ಯಾರೋ ಹೌದು ಹೌದು ಎಂದರು. ಅವಳು ದೀಪವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಮರುತಿಂಗಳು ನೊಕ್ಕ, ಪಂಜರ, ಆ ದೀಪ — ಎಲ್ಲ ತಂದು ನನಗೇ ಒಪ್ಪಿಸಿದಳು.

ಈಗ ನೆಲಮಾಳಿಗೆಗೆ ಹೋಗಿ ಆ ದೀಪ ತಂದೆ. ಹೊತ್ತಿಸಿದೆ. ಮೀಟರ್ ಹಿಡಿದೆ.

ಚೆನ್ನಾಗಿದೆ. ಹೊಸದರಷ್ಟಲ್ಲ, ಆದರೆ ಹಕ್ಕಿಗೆ ಬೇಕಾದಷ್ಟು ಧಾರಾಳವಾಗಿ ಇದೆ. ಮೂರು ಸಲ ನೋಡಿದೆ. ರೂಸು ಸತ್ತದ್ದು ಬೇರೇನೋ ಆಗಿ. ಆ ಹೆಂಗಸು ಮೂರು ತಿಂಗಳಿಂದ ಮಾಡದ ತಪ್ಪು ಹೊತ್ತು ಬಸ್ಸು ಓಡಿಸುತ್ತಿದ್ದಾಳೆ.

ನನ್ನ ದೀಪ ಇಳಿಸಿ ಅವಳದ್ದು ತೂಗುಹಾಕಿದೆ. ನಾಳೆ ಫೋನ್ ಬಂದಾಗ ಹೇಳಿಬಿಡುತ್ತೇನೆ.

ಜನವರಿ 16

ಹೇಳಲಿಲ್ಲ.

ಜನವರಿ 17

"ಹೆಂಗಿದಾನೆ?" "ರಾಜನ ಹಾಗೆ."

ಫೆಬ್ರವರಿ 2, ಶುಕ್ರವಾರ

ನೊಕ್ಕ ಸೇಬು ತಿಂದ. ಕೋಲನ್ನು ಗಟ್ಟಿಯಾಗಿ ಹಿಡಿದಿದ್ದಾನೆ, ನನ್ನ ಬೆರಳನ್ನೂ ಕಚ್ಚಿದ. ಅವಳ ದೀಪ ಅವನನ್ನು ಉಳಿಸಿತು, ಹೊಗಳಿಕೆ ಮಾತ್ರ ದಿನಾ ನನಗೇ ಬರುತ್ತಿದೆ. ಥೂ. ಹದಿನೆಂಟು ದಿನ. ನನ್ನ ಮರ್ಯಾದೆ ಉಳಿಯಲಿ ಎಂದು ಅವಳನ್ನು ಆ ತಪ್ಪಿನ ಭಾರದಲ್ಲೇ ಕೂರಿಸಿದ್ದೇನೆ.

ಫೆಬ್ರವರಿ 4, ಭಾನುವಾರ. ಮಧ್ಯಾಹ್ನ 1

ಹೇಳದೇ ಕೇಳದೇ ಬಂದಳು, ಏಲಕ್ಕಿ ಬನ್ನು ಮಾಡಿಕೊಂಡು. ಬೂಟು ಬಿಚ್ಚಿ ನೇರ ಅಡುಗೆಮನೆಗೆ, ಪಂಜರದ ಹತ್ತಿರ. ನೊಕ್ಕ ಅವಳನ್ನು ಕಂಡು ಬಸ್ಸಿನ ಹಾರ್ನ್ ಸದ್ದು ಮಾಡಿದ. ನಕ್ಕಳು. ತಲೆ ಎತ್ತಿದಳು. ನಗು ನಿಂತಿತು.

"ಇದು ನನ್ನ ದೀಪ ಅಲ್ವಾ?"

ಮೀಟರನ್ನು ಅವಳ ಕೈಗೆ ಕೊಟ್ಟೆ. ಅವಳ ದೀಪದ ಕೆಳಗೆ ಹಿಡಿಸಿದೆ. ಆಮೇಲೆ ನನ್ನದನ್ನು ಗಾಜಿನ ಸಮೇತ ತಂದು, ಅದರ ಕೆಳಗೆ. ಎಲ್ಲ ಹೇಳಿದೆ.

ಮೀಟರನ್ನು ಮೇಜಿನ ಮೇಲಿಟ್ಟಳು.

"ಯಾವತ್ತಿಂದ ಗೊತ್ತು?"

"ಹದಿನೈದನೇ ತಾರೀಖಿಂದ."

"ದಿನಾ ಫೋನ್ ಮಾಡ್ತಿದ್ನಲ್ರೀ..."

ಕ್ಷಮಿಸಿ ಎಂದೆ. ಅತ್ತೂ ಬಿಟ್ಟೆ, ಮುದುಕ. ಅವಳು ಅಳಲಿಲ್ಲ.

"ಈ ಅಡುಗೆಮನೇಲಿ ಹೇಳಿದ್ದು ನಂಗೆ ಬೇಡ. ಅವತ್ತು ಎಲ್ಲಿ ಅಂದ್ರೋ ಅಲ್ಲೇ ಅನ್ನಿ. ಗುರುವಾರ ಸಭೆ ಇದೆ. ಎದ್ದು ನಿಂತು."

ಕಾಫಿ ಮುಟ್ಟಲಿಲ್ಲ. ನೊಕ್ಕನನ್ನು ಕರೆದೊಯ್ದಳು, ದೀಪವನ್ನೂ. ಬನ್ನುಗಳು ಇಲ್ಲೇ ಇವೆ.

ಫೆಬ್ರವರಿ 8, ಗುರುವಾರ. ಸಂಜೆ 5.50

ಲೈಬ್ರರಿಯ ಕೋಣೆ. ಮೊದಲು ಬಂದವನು ನಾನೇ. ಮೇಜಿನ ಮೇಲೆ ಗಾಜು, ಮೀಟರ್. ಒಬ್ಬೊಬ್ಬರೇ ಬರುತ್ತಿದ್ದಾರೆ. "ಏನು ಮೇಷ್ಟ್ರೇ, ಇವತ್ತು ಯಾರ ಗ್ರಹಚಾರ ಬಿಡಿಸ್ತೀರಿ?" ಎಂದರು ಯಾರೋ. ಎಲ್ಲರೂ ನಕ್ಕರು.

ತೂಲಿಕ್ಕಿ ಬಂದಳು. ಬಸ್ಸಿನ ಸಮವಸ್ತ್ರದಲ್ಲೇ. ಅದೇ ಕುರ್ಚಿ, ಬಾಗಿಲ ಪಕ್ಕದ್ದು. ಕೋಟು ಬಿಚ್ಚಿಲ್ಲ. ಮಡಿಲಲ್ಲಿ ಅದೇ ಚೀಲ, ಒಳಗೆ ದೀಪ. ನನ್ನನ್ನೇ ನೋಡುತ್ತಿದ್ದಾಳೆ.

ಕಾರ್ಯದರ್ಶಿ ನನ್ನ ಹೆಸರು ಕರೆದರು. ಪುಸ್ತಕ ಮುಚ್ಚಿ ಎದ್ದು ನಿಲ್ಲುತ್ತಿದ್ದೇನೆ, ಈ ಸಲ ನನ್ನದೇ ತಪ್ಪು ಹೇಳಲು.