ಹಳೆ ಯೆಜ್ಡಿಗೆ ರೋಡ್‌ಕಿಂಗಿನ ಹೆಡ್

ಗುರುವಾಯನಕೆರೆ
ನವೆಂಬರ್ 12, 2024

ಪ್ರೀತಿಯ ಮಗಳು ವಿಜೇತಾಳಿಗೆ,

ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು, ನಮ್ಮ ಪುಟ್ಟ ವಿಸ್ಮಿತಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅಪ್ಪ ಫೋನ್ ಎತ್ತುವುದೇ ಇಲ್ಲ ಎಂದು ಅಮ್ಮನ ಹತ್ತಿರ ಸಮಾ ಬೈದೆಯಂತೆ. ಬೈಯಿ, ಬೈಸಿಕೊಳ್ಳಬೇಕಾದವನೇ ನಾನು. ಕಾಗದವನ್ನಾದರೂ ಇಷ್ಟು ತಡ ಮಾಡಬಾರದಿತ್ತು. ಏನು ಮಾಡುವುದು, ಬೈಯಲು ತುಳು ಸಾಕು, ಬರೆಯಲು ಶಾಲೆಯ ಕನ್ನಡವನ್ನೇ ಹುಡುಕಬೇಕು. ಬಂಟ್ವಾಳದ ನಮ್ಮ ಗುಜರಿ ಮೊಯ್ದೀನನ ಮಗಳು ಶಬ್ನಾ ಶನಿವಾರ ಶಾರ್ಜಾಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅಮ್ಮ ಹಪ್ಪಳವನ್ನೂ ಕಟ್ಟಿದ್ದಾಳೆ.

ಸುದ್ದಿ ಏನೆಂದರೆ, ಗಾಡಿ ಸ್ಟಾರ್ಟ್ ಆಯಿತು ಮಾರಾಯ್ತಿ!

ಕಳೆದ ಸಲ ಬಂದಾಗ ನೀನು ಶೆಡ್ಡಿನಲ್ಲಿ ಯೆಜ್ಡಿ ಬೈಕಿನ ಧೂಳು ಒರೆಸುತ್ತಾ, "ಅಪ್ಪ, ಸಣ್ಣದಿರುವಾಗ ಈ ಶಬ್ದ ಕೇಳಿದ ಕೂಡಲೇ ನಾನು ಗೇಟಿಗೆ ಓಡ್ತಿದ್ದೆ. ಮಗುವಿಗೂ ಒಮ್ಮೆ ಕೇಳಿಸ್ಬೇಕು" ಎಂದಿದ್ದೆ. ಡಿಸೆಂಬರಿಗೆ ನೀವು ಬರುವುದರೊಳಗೆ ಅದೇ ಶಬ್ದ ಬರಿಸಿಯೇ ಸಿದ್ಧ ಎಂದು ಅವತ್ತೇ ಹಟ ಹಿಡಿದೆ. ಆದರೆ ಎಂಜಿನಿನ ಮೇಲಿನ ಹೆಡ್ ಬಿರುಕು ಬಿಟ್ಟಿತ್ತು, ಪಿಸ್ಟನ್ ಸವೆದು ಹೋಗಿತ್ತು. ಬ್ಲಾಕನ್ನು ಇನ್ನೊಮ್ಮೆ ಕೊರೆಸಿ ಬೋರ್ ಮಾಡಿಸಲು ಅದರಲ್ಲಿ ಕಬ್ಬಿಣವೇ ಉಳಿದಿಲ್ಲ. ಈ ಸಲ ಪಿಸ್ಟನ್ ಒಳಗೆ ಕಚ್ಚಿಕೊಂಡರೆ ಗಾಡಿ ಮೊಯ್ದೀನನ ತಕ್ಕಡಿಗೇ ಸೈ.

ನಮ್ಮ ಮಾಡೆಲಿನ ಸಾಮಾನು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಆ ಮೊಯ್ದೀನನೇ ಎಲ್ಲಿಂದಲೋ ರೋಡ್‌ಕಿಂಗಿನ ಹೆಡ್ಡನ್ನೂ ಪಿಸ್ಟನ್ನನ್ನೂ ಗೋಣಿಯಲ್ಲಿ ಸುತ್ತಿ ತಂದ. "ಎರಡೂ ಯೆಜ್ಡಿಯೇ ಅಲ್ವಾ ಲೋಕಣ್ಣ? ಅಣ್ಣನ ಅಂಗಿ ತಮ್ಮನಿಗೆ ಆಗುದಿಲ್ವಾ? ಹಾಕಿ ನೋಡುವ."

"ಅಂಗಿ ಆಗ್ತದೆ ಮಾರಾಯ, ತಲೆ ಆಗ್ತದಾ?" ಎಂದೆ.

ಪಿಸ್ಟನ್ ಬ್ಲಾಕಿನೊಳಗೆ ಬೆಣ್ಣೆಯ ಹಾಗೆ ಇಳಿಯಿತು. ಆದರೆ ಮೇಲೆ ಹೆಡ್ಡಿಗೂ ಅದಕ್ಕೂ ನಡುವೆ ಜಾಗ ಉಳಿಯುತ್ತದೆಯೋ ಇಲ್ಲವೋ? ಇಲ್ಲದಿದ್ದರೆ ಮೊದಲ ಕಿಕ್ಕಿಗೇ ಹೋಗಿ ಬಡಿಯುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಮೆತ್ತಗಿನದ್ದೇನಾದರೂ ಇಟ್ಟು, ಹೆಡ್ ಬಿಗಿದು, ಒಂದು ಸುತ್ತು ತಿರುಗಿಸಿ ಬಿಚ್ಚಿದರೆ ಅದು ಎಷ್ಟು ಚಪ್ಪಟೆಯಾಗಿದೆಯೋ ಅಷ್ಟೇ ಜಾಗ. ನನ್ನ ಗಡಿಬಿಡಿ ನಿನಗೆ ಗೊತ್ತುಂಟಲ್ಲ. ಅಡಿಗೆ ಮನೆಗೆ ನುಗ್ಗಿ, ಅಮ್ಮ ಪುಂಡಿ ಮಾಡಲು ಇಟ್ಟಿದ್ದ ಅಕ್ಕಿಯ ಉಂಡೆಯನ್ನೇ ಎತ್ತಿಕೊಂಡು ಬಂದೆ. ಪುಂಡಿಯ ಅಕ್ಕಿ ತರಿತರಿ ಅಲ್ಲವೇ? ತಿರುಗಿಸಿದ್ದೇ ತಡ, ಪುಡಿಪುಡಿಯಾಗಿ ಸಿಲಿಂಡರಿನ ಕಂಡಿಕಂಡಿಗೂ ತುಂಬಿಕೊಂಡಿತು.

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. "ನಿಮಗೆ ಮಂಡೆ ಸಮ ಉಂಟಾ? ಎಂಜಿನಿಗೂ ತಿಂಡಿ ಕೊಡ್ತೀರಾ?"

"ಚಟ್ನಿ ಇಲ್ಲ ಸರಸಕ್ಕ, ಅದಕ್ಕೇ ಉಗುಳಿದ್ದು" ಎಂದನಂತೆ ಆ ಮೊಯ್ದೀನ್. ಅವರ ನಗೆ ನೋಡಿ ನನಗೆ ಪಿತ್ತ ನೆತ್ತಿಗೇರಿತು. ಮರುದಿನವಿಡೀ ಪೆಟ್ರೋಲು, ಬ್ರಷ್ಷು, ನಾನು.

ಆಮೇಲೆ ಅಮ್ಮನೇ ಮೈದಾ ಹಿಟ್ಟಿಗೆ ಎಣ್ಣೆ ಹಾಕಿ ಕಲಸಿ ಕೊಟ್ಟಳು. ಬಿಚ್ಚಿ ನೋಡಿದರೆ ಒಂದು ಬದಿಯಲ್ಲಿ ಹಿಟ್ಟು ಆಚೆಯದು ಕಾಣುವಷ್ಟು ತೆಳುವಾಗಿದೆ! ಹಾಗೆಯೇ ಕಿಕ್ ಹೊಡೆದಿದ್ದರೆ ಕಥೆ ಮುಗಿಯುತ್ತಿತ್ತು. ಹೆಡ್ಡಿಗೂ ಬ್ಲಾಕಿಗೂ ನಡುವೆ ಗ್ಯಾಸ್ಕೆಟ್ಟಿನ ಹಾಗೆ ದಪ್ಪದ ತಾಮ್ರದ ಬಳೆ ಬೇಕು. ಅಂಗಡಿಯಲ್ಲಿ ಸಿಗುವುದು ಕಾಗದದಷ್ಟು ತೆಳು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅಮ್ಮ ಬಚ್ಚಲಿನ ಹಿಂದಿನಿಂದ ತೂತು ಬಿದ್ದ ತಾಮ್ರದ ಹಂಡೆಯನ್ನು ಎಳೆದು ತಂದು ನನ್ನ ಮುಂದೆ ಇಟ್ಟಳು. ನಿನ್ನನ್ನು ಮೊದಲ ಸಲ ಮೀಯಿಸಿದ ಹಂಡೆ ಅದು, ಅವಳ ತಾಯಿ ಕೊಟ್ಟದ್ದು. ಬೇಡ ಎಂದೆ, ಕೇಳಲಿಲ್ಲ.

ಮೂಡುಬಿದಿರೆಯ ಲೇತಿನ ದಯಾನಂದ ಅದರ ತಳದಿಂದ ಬಳೆ ಕತ್ತರಿಸಿ ಕೊಟ್ಟ. ಎಷ್ಟು ದಪ್ಪ, ಎಲ್ಲಿ ಉಜ್ಜಬೇಕು ಎಂದು ನೆಲದಲ್ಲಿ ಚಾಕ್‌ಪೀಸಿನಿಂದ ಬರೆದು ಬರೆದು ಹೇಳಿದ, ಪುಣ್ಯಾತ್ಮ. ಮನೆಗೆ ತಂದು ಬಚ್ಚಲಿನ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗಿ ಒತ್ತಿ ಕೂರುತ್ತದೆ. ಪುನಃ ಹಿಟ್ಟು ಇಟ್ಟೆ. ಈ ಸಲ ಚಾವಿಯಷ್ಟು ದಪ್ಪ, ಸುತ್ತಲೂ ಸಮ!

ಮೊನ್ನೆ ಭಾನುವಾರ ಬೆಳಿಗ್ಗೆ ಊದುಬತ್ತಿ ಹಚ್ಚಿ ಕಿಕ್ ಹೊಡೆದೆ. ಏನೂ ಇಲ್ಲ. ಇನ್ನೊಂದು ಹೊಡೆದೆ, ತಿರುಗಿ ನನ್ನ ಕಾಲಿಗೇ ಹೊಡೆಯಿತು. ಮತ್ತೊಂದಕ್ಕೆ ಎರಡೂ ಸೈಲೆನ್ಸರಿನಲ್ಲಿ ಹೊಗೆ! ಮೊಯ್ದೀನ್ ಲುಂಗಿ ಎತ್ತಿ ಕಟ್ಟಿ ಅಂಗಳದಲ್ಲಿ ಕುಣಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಟ್ಯಾಂಕಿನ ಮೇಲೆ ಅಂಗೈ ಇಟ್ಟೆ, ನಡುಕ ಮೊಣಕೈವರೆಗೆ ಹತ್ತಿತು. ಬೆಳ್ತಂಗಡಿಗೆ ಹೋಗಿ ಚಾ ಕುಡಿದು ಬಂದೆವು. ಓಡಿಸಿದ್ದು ಮೊಯ್ದೀನ್, ನಾನು ಹಿಂದೆ ಕೂತು ರಾಜನ ಹಾಗೆ ಹೋದೆ. ಈ ಪ್ರಾಯದಲ್ಲಿ ಇಷ್ಟು ಸಂತೋಷ ಒಳ್ಳೆಯದೋ ಅಲ್ಲವೋ, ನನಗಂತೂ ಆಗಿದೆ.

ಮಗುವಿಗೆ ನನ್ನ ಮುತ್ತು ಕೊಡು. ನಾವು ನಂಬಿದ ದೈವಗಳು ನಿಮ್ಮನ್ನು ತಂಪಾಗಿ ಇಡಲಿ.

ನಿನ್ನ ಅಪ್ಪ,
ಲೋಕನಾಥ

ಮರೆತದ್ದಲ್ಲ, ಧೈರ್ಯ ಬಾರದೆ ಕೊನೆಗೆ ಉಳಿಸಿದ್ದು: ಗಾಡಿಯ ಶಬ್ದ ಹೇಗಿದೆ ಎಂದು ನಾನು ಬರೆಯಲಿಲ್ಲ, ನೋಡು. ನನಗೆ ಕೇಳಿಸಲಿಲ್ಲ ಮಗಾ. ಬಿಸು ಹಬ್ಬ ಕಳೆದ ಮೇಲೆ ಎಡಗಿವಿ ಹೋಯಿತು, ಆಟಿ ತಿಂಗಳ ಮಳೆಯಲ್ಲಿ ಬಲಗಿವಿಯೂ. ಇಷ್ಟು ವರ್ಷ ಗ್ಯಾರೇಜಿನಲ್ಲಿ ದುಡಿದ ಸದ್ದಿಗೆ ನರ ಸತ್ತಿದೆ ಎಂದು ಡಾಕ್ಟ್ರು ಹೇಳಿದರಂತೆ. ಕಿವಿಗೆ ಇಡುವ ಮಿಷನ್ ಹಾಕಿ ನೋಡಿದೆ, ಬರೀ ಗುಂಯ್ ಎನ್ನುತ್ತದೆ. ಮೇಲೆ ಬರೆದ ಅವರ ಮಾತೆಲ್ಲ ಅಮ್ಮ ನಿನ್ನ ಹಳೆಯ ಸ್ಲೇಟಿನಲ್ಲಿ ಬರೆದು ತೋರಿಸಿದ್ದು. ಬಸ್ಸು ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದ ನಿನ್ನ ಅಪ್ಪ ಈಗ ಹೀಗೆ. ಫೋನ್ ಎತ್ತದ್ದು ಇದಕ್ಕೇ. ನಿನಗೆ ತಿಳಿಸಬೇಡ ಎಂದು ಅಮ್ಮನಿಗೆ ಆಣೆ ಹಾಕಿದ್ದೆ, ಅವಳನ್ನು ಬೈಯಬೇಡ.

ವಿಸ್ಮಿತಾ 'ಅಜ್ಜ' ಎನ್ನಲು ಕಲಿತಳೆಂದು ಅಮ್ಮ ಬರೆದು ತೋರಿಸಿದ ದಿನ ಆ ಸ್ಲೇಟನ್ನು ನಾನು ಒರೆಸಲು ಬಿಡಲಿಲ್ಲ.

ಬಂದ ಕೂಡಲೇ ಅವಳನ್ನು ಟ್ಯಾಂಕಿನ ಮೇಲೆ ಕೂರಿಸಿ ಕಿಕ್ ಹೊಡೆಯುತ್ತೇನೆ. ನೀನು ಗೇಟಿನ ಹತ್ತಿರ ನಿಂತು ಕೇಳು. ಮೊಯ್ದೀನ್ ಅದೇ ಶಬ್ದ ಅನ್ನುತ್ತಾನೆ, ಅಮ್ಮನೂ ಹೌದೆನ್ನುತ್ತಾಳೆ. ಅವರು ನನಗೆ ಬೇಸರವಾಗದಿರಲಿ ಎಂದು ಹೇಳುವವರು. ನೀನು ಸತ್ಯ ಹೇಳಬೇಕು. ಅದೇ ಶಬ್ದವಾ?