ತಲೆ ಸುತ್ತದವಳು

ಮಾರ್ಚ್ ೩, ಸೋಮವಾರ. ಸಂಜೆ

ಇವತ್ತೂ ಅದೇ. ಹೆಲ್ಮೆಟ್ ಕೊಡೋದು, ಹೆಲ್ಮೆಟ್ ಇಸ್ಕೊಳ್ಳೋದು. ಗ್ಲೌಸ್ ಹರಿದಿದೆ ಅಂತ ಒಬ್ಬ, ಬೂಟು ಕಚ್ಚುತ್ತೆ ಅಂತ ಇನ್ನೊಬ್ಬ. ಟವರ್ ಕ್ರೇನ್ ಆಪರೇಟರ್ ನಾನು! ಇಷ್ಟು ವರ್ಷ ಎಲ್ಲರ ತಲೆ ಮೇಲೆ ಕೂತು ಕಬ್ಬಿಣ ಎತ್ತಿದವಳು ಈಗ ಸ್ಟೋರಿನಲ್ಲಿ, ಸ್ಟೂಲಿನ ಮೇಲೆ. ಕಿಟಕಿಯಿಂದ ನನ್ನ ಕ್ರೇನಿನ ಕಾಲು ಮಾತ್ರ ಕಾಣುತ್ತೆ. ಹೊಸಬ ಓಡಿಸೋದು ಸದ್ದಿನಲ್ಲೇ ಗೊತ್ತಾಗುತ್ತೆ — ಜರ್ಕ್, ಜರ್ಕ್. ಜೀವನದಲ್ಲಿ ಒಂದು ರೇಸಿಂಗ್ ಗೇಮ್ ಆಡಿದ್ದಿದ್ರೆ ಜಾಯ್‌ಸ್ಟಿಕ್ಕನ್ನ ಹೀಗೆ ಹಿಂಡ್ತಿರಲಿಲ್ಲ ಆ ಮನುಷ್ಯ.

ಹೋದ ವರ್ಷ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದೇ ಶನಿ ಹಿಡಿದ ಹಾಗಾಯ್ತು. ಬದುಕಿ ಬಂದೆ ಅನ್ನೋದು ನಿಜ. ಡ್ಯೂಟಿಗೆ ಸೇರಿದ ಮೇಲೆ ಒಂದಿನ ಬೆಳಗಿನ ಮಬ್ಬಿನಲ್ಲಿ ಕ್ರೇನಿನ ಏಣಿಯಲ್ಲಿ ಕಾಲು ತಪ್ಪಿತು. ಬೆಲ್ಟ್ ಇತ್ತು, ಬಚಾವಾದೆ. ಸೇಫ್ಟಿ ಆಫೀಸರ್ ಒಂದೇ ಮಾತು — ಡಾಕ್ಟರ್ ಫಿಟ್ ಅನ್ನೋವರೆಗೂ ಮೇಲೆ ಹತ್ತೋ ಹಾಗಿಲ್ಲ. ಕಿವಿಯಲ್ಲಿ ತೊಂದರೆ ಇರಬಹುದಂತೆ, ೨೮ಕ್ಕೆ ಕಿವಿ ಡಾಕ್ಟರ ಹತ್ರ ಟೆಸ್ಟ್. ಕಾಲು ಜಾರೋದು ಯಾರಿಗೆ ಆಗಲ್ಲ ಸ್ವಾಮಿ?

ಮನೆಗೆ ಬಂದು ಹಳೇ ವಿಡಿಯೋ ಗೇಮ್ ಕನ್ಸೋಲ್ ಹಚ್ಚಿದೆ. ಸದ್ಯಕ್ಕೆ ನನ್ನ ಕೈ ಮಾತು ಕೇಳೋದು ಅದೊಂದೇ.

ಮಾರ್ಚ್ ೫, ಬುಧವಾರ

ಹೊಸ ಕನ್ಸೋಲ್‌ಗಳ ಸುದ್ದಿ ಲೀಕ್ ಆಗಿದೆ. ಊಟದ ಹೊತ್ತಿನಲ್ಲಿ ಪೂರ್ತಿ ಓದಿದೆ. ತಲೆ ಕೆಟ್ಟು ಹೋಯ್ತು.

ಕರಿ ಡಬ್ಬಿಯವರು ಈ ಸಲ ಡಿಸ್ಕ್ ಹಾಕೋ ಜಾಗವನ್ನೇ ತೆಗೆದುಬಿಟ್ಟಿದ್ದಾರಂತೆ. ಎಲ್ಲ ಡೌನ್‌ಲೋಡ್. ಹಾಗಾದ್ರೆ ನನ್ನ ಕಪಾಟಿನಲ್ಲಿರೋ ಡಿಸ್ಕುಗಳನ್ನ ಏನು ಮಾಡ್ಲಿ, ಕಾಫಿ ಲೋಟದ ಕೆಳಗೆ ಇಟ್ಕೊಳ್ಳಲಾ? ಕೂದಲು ಎಳೆ ಎಳೆಯಾಗಿ ಕಾಣುತ್ತಂತೆ. ಹೀರೋನ ಹೇನು ಹೆಕ್ಕೋಕೆ ಕೂರ್ತೀನಾ ನಾನು? ಬಿಳಿ ಡಬ್ಬಿಯವರದ್ದು ಕೈಯಲ್ಲಿ ಹಿಡಿದು ಆಡೋದು. ಚೆನ್ನಾಗಿದೆ. ಆದರೆ ಬ್ಯಾಟರಿ ಬಗ್ಗೆ ಒಂದು ಮಾತೂ ಇಲ್ಲ. ಒಳ್ಳೇದಿದ್ದಿದ್ರೆ ಊರಿಗೆಲ್ಲ ಡಂಗುರ ಹೊಡೀತಿದ್ರು, ಗೊತ್ತಿಲ್ವಾ.

ಸ್ಟಿಕ್ ಡ್ರಿಫ್ಟ್ ಬಗ್ಗೆಯಂತೂ ಯಾರೂ ತುಟಿ ಬಿಚ್ಚಿಲ್ಲ. ಮುಟ್ಟದೇ ಇದ್ದರೂ ಕಂಟ್ರೋಲರಿನ ಸ್ಟಿಕ್ಕು ತಾನೇ ಒಂದು ಕಡೆ ಸರಿಯೋದು — ಅದೊಂದನ್ನ ಸರಿ ಮಾಡ್ರಪ್ಪ ಮೊದಲು! ಕ್ರೇನಿನ ಸ್ಟಿಕ್ಕು ಹೀಗೆ ಸರಿದರೆ ಕೆಳಗೆ ಹೆಣ ಬೀಳುತ್ತೆ.

ಇನ್ನು ವಿಆರ್, ಅಂದ್ರೆ ವರ್ಚುವಲ್ ರಿಯಾಲಿಟಿ. ಇಬ್ಬರೂ ಅದೇ ಮಂತ್ರ. ಮುಖಕ್ಕೆ ಡಬ್ಬಿ ಕಟ್ಟಿಕೊಂಡು ಗಾಳಿಯಲ್ಲಿ ಕೈ ಬೀಸೋದು. ನನ್ನ ಅಭಿಪ್ರಾಯ — ದುಡ್ಡು ಕೊಟ್ಟು ಕುರುಡಾಗೋದು. ಆದರೂ ಗೇಮ್ ಅಂಗಡಿಯ ಹುಡುಗ ಗುಂಡಿ ಡೆಮೋ ಹೆಡ್‌ಸೆಟ್ ತರಿಸಿದ್ದಾನಂತೆ. ಶನಿವಾರ ಹೋಗಿ ನಾಲ್ಕು ಮಾತು ಬೈದು ಬರಬೇಕು.

ಮಾರ್ಚ್ ೮, ಶನಿವಾರ. ಮಧ್ಯಾಹ್ನ

ಬೈಯೋಕೆ ಹೋದವಳು ಅತ್ತು ಬಂದೆ.

ಗುಂಡಿಯ ಅಂಗಡಿ ಅಂದ್ರೆ ಗೊತ್ತಲ್ಲ, ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರಿಗೆ ತಾಗುತ್ತೆ. ಯಾವಾಗ ನೋಡಿದರೂ ಕಂಟ್ರೋಲರ್ ಬಿಚ್ಚಿಟ್ಟುಕೊಂಡು ಗುಂಡಿ ಬದಲಾಯಿಸ್ತಾ ಇರ್ತಾನೆ, ಅದಕ್ಕೇ ಆ ಹೆಸರು. ಇವತ್ತು ಕುರ್ಚಿ ಪಕ್ಕ ಒಂದು ಬಕೆಟ್. "ಯಾಕೋ ಇದು?" ಅಂದೆ. "ಡೆಮೋದ ಭಾಗ ಅಕ್ಕ," ಅಂದ. ನನ್ನ ಮುಂದಿದ್ದವ ಜಿಮ್ ಮೇಷ್ಟ್ರು, ಬಾಗಿಲಷ್ಟು ಅಗಲ. ವಿಮಾನದ ಗೇಮು. ಎರಡು ಸುತ್ತು ಹೊಡೆಯೋದ್ರೊಳಗೆ ಹೆಡ್‌ಸೆಟ್ ಕಿತ್ತು ಬಕೆಟ್ ಅಪ್ಪಿಕೊಂಡ. ಪಾಪ, ಮುಖ ಸುಣ್ಣದ ಹಾಗೆ.

ನಾನು ಕೂತೆ. ಗುಂಡಿ ಪಟ್ಟಿ ಬಿಗಿದ. ಮೊದಲು ಕತ್ತಲೆ. ಆಮೇಲೆ...

ಎತ್ತರ. ಆ ಎತ್ತರ! ಕೆಳಗೆ ಸಣ್ಣ ಸಣ್ಣ ಚಾವಣಿ, ಎದುರಿಗೆ ಬರೀ ಬೆಳಕು. ಇಷ್ಟು ತಿಂಗಳಿಂದ ಇದನ್ನೇ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂದು ಒಳಗಿನ ಗಾಜೆಲ್ಲ ಮಂಜಾಯ್ತು. ವಿಮಾನ ಉಲ್ಟಾ ಮಾಡಿದೆ. ತಿರುಗಣೆ ಹಾಗೆ ತಿರುಗಿಸಿದೆ. ಏನೂ ಆಗಲಿಲ್ಲ. ತಲೆ ಸುತ್ತು ಇಲ್ಲ, ಹೊಟ್ಟೆ ತೊಳಸು ಇಲ್ಲ.

"ಅಕ್ಕಾ, ನೀವು ಮನುಷ್ಯರೇನಾ?" ಅಂದ ಗುಂಡಿ. "ನಾನೇ ಇದರಲ್ಲಿ ಎರಡು ಸಲ ವಾಂತಿ ಮಾಡಿದೀನಿ."

ಕಿವಿಯಲ್ಲಿ ತೊಂದರೆ ಇರಬಹುದು ಅಂದಿದ್ರಲ್ಲ ಸೇಫ್ಟಿ ಆಫೀಸರ್? ಬನ್ನಿ ಸಾರ್, ನೀವೂ ಒಂದು ಸಲ ಕೂತು ನೋಡಿ. ಬಕೆಟ್ ನಾನೇ ಹಿಡೀತೀನಿ.

ಮಾರ್ಚ್ ೧೧, ಮಂಗಳವಾರ

ದಿನಾ ಡ್ಯೂಟಿ ಮುಗಿಸಿ ಗುಂಡಿಯ ಅಂಗಡಿಗೆ. ಇದು ಟೆಸ್ಟಿಗೆ ತಯಾರಿ. ವಿಆರ್ ಬಗ್ಗೆ ಹಿಂದೆ ಬರೆದದ್ದೆಲ್ಲ ವಾಪಸ್ ತಗೊಂಡೆ. ಕನ್ಸೋಲ್‌ನವರು ಕೂದಲು, ಬೆವರು, ನೆರಳು ಅಂತ ಒದ್ದಾಡೋದು ಬಿಟ್ಟು ಇದರ ಹಿಂದೆ ಬೀಳಲಿ. ತೂಕ ಇಳಿಸಲಿ, ವೈರು ಕಿತ್ತು ಹಾಕಲಿ, ಮೂಗಿನ ಹತ್ತಿರ ಬೆಳಕು ಸೋರೋದನ್ನ ನಿಲ್ಲಿಸಲಿ. ಮಿಕ್ಕಿದ್ದು ನಾನು ನೋಡ್ಕೋತೀನಿ.

ನಮ್ಮ ಮನೆಯವರು ಬೇಕರಿ ಕೆಲಸ ಮುಗಿಸಿ ಬೇಗ ಬಂದಿದ್ರು. ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಗೋಡೆ ಹಿಡಿದು ನಿಂತಿದ್ದೆ. "ಯಾಕೆ ಹಾಗೆ ಹಿಡ್ಕೊಂಡಿದೀಯ?" ಅಂದ್ರು. ಕಣ್ಣು ಮುಚ್ಚಿದ್ರೆ ನೆಲ ಓರೆಯಾದ ಹಾಗಾಗುತ್ತೆ, ಜ್ವರ ಬಂದಾಗಿನಿಂದ ಅಷ್ಟೇ, ನಿಶ್ಶಕ್ತಿ ಅಂದೆ. "ಡಾಕ್ಟರಿಗೆ ಹೇಳು." "ಹೇಳ್ತೀನಿ." ಹೇಳಲ್ಲ. ಸೋಪು ಹಚ್ಚಿಕೊಂಡು ಯಾರಾದ್ರೂ ಕ್ರೇನ್ ಓಡಿಸ್ತಾರಾ?

ಮಾರ್ಚ್ ೧೫, ಶನಿವಾರ

ಗುಂಡಿ ಗೋಡೆಗೆ ಚೀಟಿ ಅಂಟಿಸಿದ್ದಾನೆ — "ಬಕೆಟ್ ಮುಟ್ಟದ ಏಕೈಕ ಗಿರಾಕಿ: ಕ್ರೇನ್ ಅಕ್ಕ". ಎಲ್ಲರೂ ತಿರುಗಿ ತಿರುಗಿ ನೋಡ್ತಾರೆ. ಜಂಬ ಬರಲ್ವಾ ಹೇಳಿ?

ನಿಂತು ಆಡೋ ಗೇಮೊಂದು ಹಾಕಿದ. ಹಡಗಿನ ಮೇಲೆ ನಿಂತ ಹಾಗೆ. ಹಡಗು ಎಡಕ್ಕೆ ವಾಲಿತು, ನಾನೂ ಅದರ ಜೊತೆ ವಾಲಿದೆ. ದಬಕ್ಕನೆ ಹೋಗಿ ಕೇಬಲ್ ಕಪಾಟಿನ ಮೇಲೆ. ಮೊಣಕೈ ತರಚಿತು. ಗುಂಡಿ ಗಾಬರಿಯಾಗಿ ನೀರು ತಂದ. ಅವನ ಹೆಡ್‌ಸೆಟ್ಟಿನ ಭಾರಕ್ಕೆ ಆನೆಯೂ ಬೀಳುತ್ತೆ. ಮುಂದಿನ ಮಾಡೆಲ್ ಅರ್ಧ ತೂಕವಂತೆ. ನೋಡೋಣ. ಇನ್ನು ಕೂತು ಆಡೋದೇ ವಾಸಿ. ಹೇಗೂ ಕ್ರೇನಿನಲ್ಲಿ ಕೂತೇ ಇರ್ತೀವಲ್ಲ.

ವಾಕಿ ಫೋನ್ ಮಾಡಿದ್ದ. ಕ್ರೇನಿನ ಕೆಳಗೆ ನಿಂತು ವಾಕಿಟಾಕಿಯಲ್ಲಿ ನನಗೆ ದಾರಿ ಹೇಳ್ತಿದ್ದವನು, ಸಿಗ್ನಲ್ ಮ್ಯಾನ್. "ಬೇಗ ಬಾರಮ್ಮ ಮಾರಾಯ್ತಿ. ಹೊಸಬನ ಕೈಲಿ ನನ್ನ ಜೀವ ಹೋಗುತ್ತೆ." "ಏಪ್ರಿಲ್ ಒಂದಕ್ಕೆ ಮೇಲಿರ್ತೀನಿ ಕಣೋ," ಅಂದೆ. ಮಾತು ಕೊಟ್ಟಾಗಿದೆ.

ಮಾರ್ಚ್ ೨೮, ಶುಕ್ರವಾರ. ಬೆಳಗ್ಗೆ

ಟೆಸ್ಟ್ ಇವತ್ತು. ಹೊಸ ಶರ್ಟ್ ಹಾಕ್ಕೊಂಡಿದೀನಿ. ಗುಂಡಿ ಮೆಸೇಜ್ ಕಳಿಸಿದ್ದಾನೆ — "ಡಾಕ್ಟರಿಗೆ ಬಕೆಟ್ ಬೇಕಾದ್ರೆ ಹೇಳಿ ಅಕ್ಕ". ಕೋತಿ.

ಮಾರ್ಚ್ ೨೮. ಸಂಜೆ

ಆಗ್ತಿಲ್ಲ ಬರೆಯೋಕೆ.

ಏಪ್ರಿಲ್ ೨, ಬುಧವಾರ

ಬರೆದು ಮುಗಿಸ್ತೀನಿ. ಇಲ್ಲದಿದ್ರೆ ಒಳಗೇ ಕೊಳೆಯುತ್ತೆ.

ಕಿವಿ ಡಾಕ್ಟರಮ್ಮ ವಯಸ್ಸಾದವರು, ಮೆತ್ತಗಿನ ಮಾತು. ಮೊದಲು ಕೇಳೋ ಟೆಸ್ಟ್. ಎಲ್ಲ ಸರಿ. ಆಮೇಲೆ ಮಲಗಿಸಿ ಕಿವಿಗೆ ತಣ್ಣೀರು ಬಿಟ್ಟರು. "ತಲೆ ತಿರುಗೋಕೆ ಶುರುವಾದ ತಕ್ಷಣ ಹೇಳಿ," ಅಂದ್ರು ನರ್ಸ್. ಕಾದೆ. ಏನೂ ಇಲ್ಲ. ಇನ್ನೊಂದು ಕಿವಿ. ಏನೂ ಇಲ್ಲ. ಇನ್ನೂ ತಣ್ಣಗಿನ ನೀರು. ಆಗಲೂ ಇಲ್ಲ. ನಾನೋ, ಒಳಗೊಳಗೇ ಕುಣೀತಿದೀನಿ! "ತಿರುಗಲೇ ಇಲ್ಲ ಮೇಡಂ," ಅಂತ ಹಲ್ಲು ಬಿಟ್ಟೆ. ಸಾಲದ್ದಕ್ಕೆ ಗುಂಡಿ ಅಂಗಡಿಯ ಕಥೆಯೆಲ್ಲ ಬಿಚ್ಚಿದೆ — ವಿಮಾನ, ಬಕೆಟ್, ಜಿಮ್ ಮೇಷ್ಟ್ರು, ಗೋಡೆ ಮೇಲಿನ ಚೀಟಿ. ನರ್ಸ್ ನಗಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಬಿದ್ದಿದೀರಾ ಯಾವತ್ತಾದ್ರೂ, ಅದನ್ನ ಹಾಕ್ಕೊಂಡಾಗ?"

"ಒಂದೇ ಸಲ. ಹೆಡ್‌ಸೆಟ್ ಭಾರ ಇತ್ತು."

"ಮುಖ ತೊಳೆಯೋವಾಗ?"

ಇವರು ಪಕ್ಕದಲ್ಲೇ ಕೂತಿದ್ರು. ಸುಳ್ಳು ಹೇಳೋಕಾಗಲಿಲ್ಲ.

ಆಗ ಹೇಳಿದ್ರು ನಿಧಾನಕ್ಕೆ. "ಎಲ್ಲರಿಗೂ ಯಾಕೆ ವಾಂತಿ ಬರುತ್ತೆ ಹೇಳಿ? ಕಣ್ಣು ಹೇಳುತ್ತೆ, ಹಾರ್ತಾ ಇದೀವಿ ಅಂತ. ಕಿವಿ ಹೇಳುತ್ತೆ, ಇಲ್ಲ, ಕುರ್ಚಿಯಲ್ಲಿ ಕೂತಿದೀವಿ ಅಂತ. ಇಬ್ಬರಿಗೂ ಜಗಳ. ಆ ಜಗಳವೇ ತಲೆಸುತ್ತು. ನಿಮ್ಮಲ್ಲಿ ಜಗಳ ಇಲ್ಲ ಅಮ್ಮ. ನಿಮ್ಮ ಕಿವಿ ಮಾತಾಡೋದನ್ನೇ ನಿಲ್ಲಿಸಿದೆ."

ಕೇಳೋ ಭಾಗ ಬೇರೆಯಂತೆ, ನೆಟ್ಟಗೆ ನಿಲ್ಲಿಸೋ ಭಾಗ ಬೇರೆಯಂತೆ. ಜ್ವರಕ್ಕೆ ಕೊಟ್ಟ ಇಂಜೆಕ್ಷನ್ನಿಂದ ಆಗಿರಬಹುದು, ಆಗ ಅದು ಕೊಡದಿದ್ರೆ ನೀವೇ ಇರ್ತಿರಲಿಲ್ಲ ಅಂದ್ರು. ನಾನು ನಿಂತಿರೋದೇ ಬರೀ ಕಣ್ಣಿನ ಮೇಲೆ. ಕಣ್ಣು ಏನು ತೋರಿಸಿದ್ರೆ ಅದನ್ನ ನಂಬಿ ಬಿಡ್ತೀನಿ. ಅದಕ್ಕೇ ಹಡಗಿನ ಜೊತೆ ವಾಲಿದ್ದು. ಅದಕ್ಕೇ ಮಬ್ಬಿನಲ್ಲಿ ಏಣಿ ತಪ್ಪಿದ್ದು.

ಅನ್‌ಫಿಟ್.

ಜನ ಬಕೆಟ್ ಅಪ್ಪಿಕೊಂಡು ಒದ್ದಾಡ್ತಿದ್ರಲ್ಲ, ಅವರೆಲ್ಲ ಗಟ್ಟಿ ಇದ್ರು. ಮೆರೆದಾಡಿದ ನಾನೊಬ್ಬಳೇ ಕೆಟ್ಟು ಹೋಗಿದ್ದೆ. ಎಂಥಾ ಪೆದ್ದಿ ನಾನು.

"ವಾಪಸ್ ಬರಲ್ವಾ?" ಅಂತ ಕೇಳಿದ್ದು ಇವರು. "ಕೆಲವರಿಗೆ ಸ್ವಲ್ಪ ಬರುತ್ತೆ, ಕೆಲವರಿಗೆ ಇಲ್ಲ. ಕಾಯ್ತಾ ಕೂರಬೇಡಿ, ವ್ಯಾಯಾಮ ಹೇಳಿಕೊಡ್ತೀವಿ." "ಬಂದ್ರೆ ನಮಗೆ ಹೇಗೆ ಗೊತ್ತಾಗುತ್ತೆ?" ಡಾಕ್ಟರಮ್ಮ ನನ್ನ ಕಡೆ ನೋಡಿದ್ರು. "ಅವತ್ತು ಇವರಿಗೆ ತಲೆ ಸುತ್ತುತ್ತೆ."

ಏಪ್ರಿಲ್ ೨೦, ಭಾನುವಾರ

ಹಾಸಿಗೆ ಮೇಲೆ ನಿಲ್ಲೋದು, ಕಣ್ಣು ಮುಚ್ಚೋದು, ಬೀಳೋದು. ಇದೇ ವ್ಯಾಯಾಮ. ಇವರು ಎರಡೂ ಕೈ ಚಾಚಿ ಎದುರಿಗೆ ನಿಂತಿರ್ತಾರೆ. ಬ್ರೆಡ್ ಟ್ರೇ ಹಿಡಿದು ಹಿಡಿದು ಕೈ ಕಬ್ಬಿಣವಾಗಿದೆ. "ಬೀಳು, ಹಿಡ್ಕೋತೀನಿ." ಇವತ್ತು ಹಿಡಿಯೋಕೆ ಹೋಗಿ ಇಬ್ಬರೂ ಬಿದ್ವಿ. ನಕ್ಕು ನಕ್ಕು ಸಾಕಾಯ್ತು. ಆಮೇಲೆ ಯಾಕೋ ಅಳು ಬಂತು. ಅವರು ತಲೆ ಸವರ್ತಾ ಕೂತ್ರು.

ಗುಂಡಿ ಬಂದಿದ್ದ. ಚೀಟಿ ಕಿತ್ತು ಹಾಕಿದೀನಿ ಅಕ್ಕ, ನಂಗೇನು ಗೊತ್ತಿತ್ತು ಅಂತ ಕಣ್ಣು ಒರೆಸಿಕೊಂಡ. ಡೆಮೋ ಹೆಡ್‌ಸೆಟ್ ಇಲ್ಲೇ ಬಿಟ್ಟು ಹೋದ. "ಹೊಸ ಮಾಡೆಲ್ ಬರೋವರೆಗೂ ನಿಮ್ಮ ಹತ್ರ ಇರ್ಲಿ." ಕಪಾಟಿನ ಮೇಲಿಟ್ಟೆ, ಬಟ್ಟೆ ಮುಚ್ಚಿ. ನೋಡಿದ್ರೆ ಮೈ ಉರಿಯುತ್ತೆ.

ಮೇ ೯, ಶುಕ್ರವಾರ

ಕರಿ ಡಬ್ಬಿ ಬಿಡುಗಡೆ ಮುಂದಕ್ಕೆ ಹೋಯ್ತಂತೆ. ಹೋಗಲಿ.

ವಾಕಿ ಊಟದ ಹೊತ್ತಿನಲ್ಲಿ ಹೊಸಬನನ್ನ ಸ್ಟೋರಿಗೆ ಕರ್ಕೊಂಡು ಬಂದ. ಆ ಮನುಷ್ಯನಿಗೆ ನನ್ನ ಮುಖ ನೋಡೋಕೂ ಸಂಕೋಚ. "ಮೇಡಂ, ಲೋಡು ತೂಗಾಡೋದನ್ನ ಹೇಗೆ ನಿಲ್ಲಿಸ್ತಿದ್ರಿ?" ಹೊಟ್ಟೆ ಉರೀತು, ಸುಳ್ಳು ಯಾಕೆ. ಆದರೂ ಹಳೇ ಕಂಟ್ರೋಲರ್ ಬ್ಯಾಗಿನಲ್ಲಿತ್ತು, ಕೈಗೆ ಕೊಟ್ಟೆ. "ಮುಷ್ಟಿಯಲ್ಲಿ ಹಿಂಡಬೇಡಿ. ಬೆರಳ ತುದಿಯಲ್ಲಿ ಹಿಡೀರಿ. ಲೋಡು ಹೋದ ಕಡೆಗೇ ನೀವೂ ಸ್ವಲ್ಪ ಹೋಗಿ." ರೇಸಿಂಗ್ ಡಿಸ್ಕೂ ಕೊಟ್ಟು ಕಳಿಸಿದೆ. ಮಧ್ಯಾಹ್ನ ಕ್ರೇನಿನ ಸದ್ದು ಒಂಚೂರು ಮೆತ್ತಗಿತ್ತು.

ಸಂಜೆ ಹೆಡ್‌ಸೆಟ್ ಕೆಳಗಿಳಿಸಿದೆ. ವ್ಯಾಯಾಮದ ಮೇಡಂ ಹೇಳಿದ್ದಾರೆ, ಕೂತು ಆಡಿದ್ರೆ ಅಡ್ಡಿಯಿಲ್ಲ, ಪಕ್ಕದಲ್ಲಿ ಯಾರಾದ್ರೂ ಇರ್ಲಿ ಅಂತ. ಇವರು ಪಕ್ಕದಲ್ಲಿ. ಮೊದಲ ಸಲ ಬಕೆಟ್ ತಂದಿಟ್ಟೆ. ವಿಮಾನ ತಿರುಗಿಸಿದೆ, ಉಲ್ಟಾ ಮಾಡಿದೆ. ತಲೆ ಕಲ್ಲಿನ ಹಾಗೆ, ಸುತ್ತಲೇ ಇಲ್ಲ. ಇನ್ನು ಪ್ರತಿ ಶನಿವಾರ ಒಂದು ಸಲ.

ಮೇ ೩೧, ಶನಿವಾರ

ಏನೂ ಇಲ್ಲ. ಬಕೆಟ್ ತೊಳೆದ ಹಾಗೇ ಇದೆ.

ಜೂನ್ ೭, ಶನಿವಾರ

ಇಲ್ಲ. ಬಿಳಿ ಡಬ್ಬಿಯ ಬ್ಯಾಟರಿ ನಾನು ಹೇಳಿದ ಹಾಗೇ ಆಯ್ತು, ದಂಡ. ಅದರಲ್ಲೂ ಖುಷಿ ಇಲ್ಲ. ಸೋಪು ಹಚ್ಚಿ ಗೋಡೆ ಮುಟ್ಟದೆ ನಿಂತೆ, ಅಷ್ಟೇ ಇವತ್ತಿನ ಲಾಭ. ಅದು ಕಿವಿಯಲ್ಲ, ಪಾದ ಕಲಿತದ್ದು ಅಂದ್ರು ವ್ಯಾಯಾಮದ ಮೇಡಂ. ಕಲಿಯಲಿ.

ಜೂನ್ ೧೪, ಶನಿವಾರ. ಬೆಳಗ್ಗೆ

ಅವಸರದಲ್ಲಿ ಬರೀತಿದೀನಿ, ಅಕ್ಷರ ನೋಡಬೇಡ.

ಮಾಮೂಲಿನ ಹಾಗೆ ಕೂತೆ. ಗುಡ್ಡದ ಮೇಲಿಂದ ವಿಮಾನ ಎಡಕ್ಕೆ ಹೊರಳಿಸಿದೆ. ಏನೋ... ಹೊಟ್ಟೆಯ ಕೆಳಗೆ ಯಾರೋ ನೆಲ ಎಳೆದ ಹಾಗೆ. ಇಡ್ಲಿ ಗಿಡ್ಲಿ ಹಳಸಿತ್ತೇನೋ ಅಂದ್ಕೊಂಡೆ. ಇನ್ನೊಂದು ಸಲ ಹೊರಳಿಸಿದೆ. ಹಣೆ ಮೇಲೆ ತಣ್ಣಗೆ ಬೆವರು. ಹೆಡ್‌ಸೆಟ್ ಕಿತ್ತೆ. ಕೋಣೆ ನಿಲ್ಲಲಿಲ್ಲ! ಕಪಾಟು ಒಂದು ಗೇಣು ಸರಿದು ವಾಪಸ್ ಬಂತು. ಇವರನ್ನ ಕೂಗಿದೆ. "ಸುತ್ತುತ್ತಿದೆ ಕಣ್ರೀ! ಸುತ್ತುತ್ತಿದೆ!" ಓಡಿ ಬಂದವರು ನನ್ನ ಮುಖ ನೋಡಿ ಬೆಪ್ಪಾಗಿ ನಿಂತ್ರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ರು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು. ಈಗ ಡಾಕ್ಟರಮ್ಮನಿಗೆ ಫೋನ್ ಹಚ್ಚಿದ್ದಾರೆ, ಒಳಗೆ ಜೋರಾಗಿ ಮಾತಾಡೋದು ಕೇಳಿಸ್ತಿದೆ.

ಕ್ರೇನ್ ಸಿಗುತ್ತೋ ಇಲ್ಲವೋ, ಅದು ಬೇರೆ. ಚೂರೇ ಇರಬಹುದು. ಆದರೆ ಒಳಗೆ ಯಾರೋ ಕಣ್ಣಿನ ಜೊತೆ ಜಗಳಕ್ಕೆ ನಿಂತಿದ್ದಾರೆ, ಇಷ್ಟು ದಿನದ ಮೇಲೆ. ಗುಂಡಿಗೆ ಹೇಳಬೇಕು, ಚೀಟಿ ಬದಲಾಯಿಸು ಅಂತ. ವಾಕಿಗೂ

ಬಾಯಲ್ಲಿ ನೀರು ಬರ್ತಿದೆ. ಬಕೆಟ್ ಎಲ್ಲಿಟ್ಟರೋ ಇವರು, ಅಯ್ಯೋ, ಬಂತು ಬಂ